ಮೂರು ಬೆರಳಿನ ಮುಲಾಮು

ನನಗೆ ನಲವತ್ತಾರು ತುಂಬಿದ ಮೇಲೆ ಹಣೆಯಲ್ಲಿ ಮೂರು ಮೊಡವೆ ಎದ್ದವು. ಏಳಬೇಕಾದ ವಯಸ್ಸಿನಲ್ಲಿ ಒಂದೂ ಎದ್ದಿರಲಿಲ್ಲ. ಆಗ ಎದ್ದಿದ್ದರೆ ಹರೆಯ ಬಂತು ಎಂದು ಯಾರಾದರೂ ರೇಗಿಸುತ್ತಿದ್ದರು, ನಾನೂ ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಎದ್ದರೆ ಎದುರಿಗೆ ಬಂದವರೆಲ್ಲ ‘ಶುಗರ್ ಒಮ್ಮೆ ನೋಡಿಸ್ರಿ’ ಎನ್ನುತ್ತಾರೆ. ಒಂದೇ ಮೊಡವೆ, ವಯಸ್ಸಿಗೆ ತಕ್ಕಂತೆ ಎಷ್ಟು ಬೇರೆ ಬೇರೆ ಮರ್ಯಾದೆ ಪಡೆಯುತ್ತದೆ ನೋಡಿ.

ಇದರಲ್ಲಿ ನನಗೆ ಹೆಚ್ಚು ಮುಜುಗರವಾಗಲು ಕಾರಣ ನನ್ನ ಕಸುಬು. ಹೊಸಪೇಟೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಊರಿನವರ ಮೊಡವೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಅಳಿಸಿಯೇ ನನ್ನ ಕಣ್ಣಿಗೆ ಕನ್ನಡಕ ಬಂದದ್ದು. ಹುಡುಗಿ ತೋರಿಸಲು ಕೊಡುವ ಫೋಟೊ, ಕೆಲಸದ ಅರ್ಜಿಯ ಫೋಟೊ, ಪಾಸ್‌ಪೋರ್ಟಿನ ಫೋಟೊ, ಯಾವುದೇ ಇರಲಿ, ತೆಗೆಸಿಕೊಂಡವರು ಕುರ್ಚಿಯಿಂದ ಏಳುತ್ತಲೇ ಗಲ್ಲ ಮುಟ್ಟಿಕೊಂಡು ‘ಇದನ್ನೊಂದೀಟು ನೋಡ್ರಿ’ ಎನ್ನುತ್ತಾರೆ. ನೋಡುವುದೆಂದರೆ ಅಳಿಸುವುದು. ವಡ್ಡು ಎಂಬ ಊರಿನ ಕಡೆ ಉಕ್ಕಿನ ಕಾರ್ಖಾನೆಗೆ ಹೋಗುವವರಾದರೆ ಮೊಡವೆಯ ಜೊತೆಗೆ ಕಾಲರಿನ ಮೇಲಿನ ಅದಿರಿನ ಕೆಂಪು ಧೂಳನ್ನೂ ಅಳಿಸಿಕೊಡುತ್ತೇನೆ. ನನ್ನ ಬಲಗೈಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಊಟಕ್ಕೆ ಕೂತಾಗ ದೋಸೆಯ ಮೇಲಿನ ತೂತುಗಳನ್ನು ಕಂಡರೂ ಬೆರಳು ಒಮ್ಮೆ ತುಡಿಯುತ್ತದೆ.

ಮದುವೆ ಗೊತ್ತಾದ ಜೋಡಿಗಳನ್ನು ಹಂಪಿಗೆ ಕರೆದುಕೊಂಡು ಹೋಗಿ ಫೋಟೊ ತೆಗೆಯುವುದೂ ಉಂಟು. ಅಲ್ಲಿ ಒಂದು ವಿಚಾರ ನನ್ನನ್ನು ಯಾವಾಗಲೂ ಕಾಡುತ್ತದೆ. ಹಂಪಿ ಬಜಾರಿನ ಕಲ್ಲುಮಂಟಪಗಳ ಹಿಂದೆ, ಸುತ್ತಲೂ, ಕಣ್ಣು ಹಾಯಿಸಿದಷ್ಟೂ ಗುಂಡುಕಲ್ಲುಗಳು. ಯಾವುದೋ ಕಾಲದಲ್ಲಿ ಭೂಮಿತಾಯಿಗೆ ಹರೆಯ ಬಂದು ಎದ್ದ ಮೊಡವೆಗಳೇ ಇರಬೇಕು ಅವು. ಅವನ್ನು ನೋಡಲೆಂದೇ ಯಾವ ಯಾವುದೋ ದೇಶದವರು ವಿಮಾನ ಹತ್ತಿ ಬರುತ್ತಾರೆ. ಇಷ್ಟು ವರ್ಷಗಳಲ್ಲಿ ಒಬ್ಬ ಗಿರಾಕಿಯೂ ‘ಹಿಂದಿನ ಕಲ್ಲು ಅಳಿಸ್ರಿ’ ಎಂದಿಲ್ಲ. ಕಲ್ಲುಗಳ ಮುಂದೆ ನಿಂತು ತಮ್ಮ ಮೂಗಿನ ಮೇಲಿನ ಸಾಸಿವೆ ಕಾಳಿನಷ್ಟು ಮೊಡವೆಯನ್ನು ತೆಗೆಯಲು ಹೇಳುತ್ತಾರೆ. ನಾನೂ ತೆಗೆದುಕೊಡುತ್ತೇನೆ, ಅದೇ ನನ್ನ ಅನ್ನ.

ಇಂಥವನ ಮನೆಯಲ್ಲಿ ಮಗಳ ಈಚಿನ ಒಂದು ಫೋಟೊವೂ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹುಟ್ಟಿದ ಹನ್ನೊಂದನೆಯ ದಿನದಿಂದ ಹತ್ತನೆಯ ತರಗತಿಯವರೆಗೆ ಪಲ್ಲವಿಯ ಫೋಟೊಗಳು ಮೂರು ಆಲ್ಬಮ್ ತುಂಬಿವೆ. ಆಮೇಲೆ ಖಾಲಿ. ಕಾರಣ ನಾನೇ. ಪಿಯುಸಿಯ ಹೊತ್ತಿಗೆ ಅವಳ ಗಲ್ಲದ ತುಂಬ ಮೊಡವೆ ಎದ್ದಿದ್ದವು. ಹಾಲ್ ಟಿಕೆಟ್ಟಿನ ಫೋಟೊದಲ್ಲಿ ನಾನು ಅವಳನ್ನು ಕೇಳದೆ, ಅಪ್ಪನ ಪ್ರೀತಿಯ ಕಾಣಿಕೆಯೆಂಬಂತೆ, ಒಂದೊಂದನ್ನೂ ಅಳಿಸಿ ಮುಖವನ್ನು ಹಾಲಿನ ಕೆನೆಯ ಹಾಗೆ ಮಾಡಿಕೊಟ್ಟೆ. ಅವಳು ಫೋಟೊ ಹಿಡಿದು ನೋಡಿ ‘ಇದು ಯಾರಪಾ?’ ಎಂದಳು. ಪರೀಕ್ಷೆಯ ದಿನ ಮೇಲ್ವಿಚಾರಕರಿಗೂ ಅದೇ ಅನುಮಾನ ಬಂದು, ಇಡೀ ಕೊಠಡಿಯ ಮುಂದೆ ಅವಳನ್ನು ನಿಲ್ಲಿಸಿ ಫೋಟೊ ಒಮ್ಮೆ, ಮುಖ ಒಮ್ಮೆ, ಹೀಗೆ ಮೂರು ಸಲ ನೋಡಿದರಂತೆ. ಹಿಂದಿನ ಬೆಂಚಿನವರು ನಕ್ಕರಂತೆ. ಅಂದಿನಿಂದ ಅವಳು ನನ್ನ ಕ್ಯಾಮೆರಾದ ಮುಂದೆ ನಿಂತಿಲ್ಲ. ಎರಡು ವರ್ಷವಾಯಿತು. ನಾನು ಎಷ್ಟು ಸಲ ಕರೆದರೂ ‘ನಿನ್ ಕೈ ಮ್ಯಾಲ ನನಗ ನಂಬಿಕಿ ಇಲ್ಲ’ ಎನ್ನುತ್ತಾಳೆ. ಅದು ಎಷ್ಟು ನೋಯುತ್ತದೆ ಎಂದು ಇಲ್ಲಿ ಹೇಳಿಬಿಡುತ್ತೇನೆ, ಮನೆಯಲ್ಲಿ ಹೇಳಿಲ್ಲ.

ಈ ಸಲ ಅವಳೇ ‘ಚರ್ಮದ ಡಾಕ್ಟ್ರ ಹತ್ರ ಹೋಗೂಣು’ ಎಂದಾಗ ನಾನು ಸ್ಟುಡಿಯೊ ಮುಚ್ಚಿಕೊಂಡು ಹೊರಟೆ. ಡಾಕ್ಟರಮ್ಮ ನಮ್ಮ ಕಡೆಯವರೇ. ಒಂದು ಟ್ಯೂಬು ಬರೆದುಕೊಟ್ಟು, ಪಾಠ ಹೇಳಿದ ಹಾಗೆ ಹೇಳಿದರು: “ಸಂಜಿಗೆ ಮುಖ ತೊಳ್ಕೊಂಡು, ಒರಸಿ, ಬಟಾಣಿ ಕಾಳಿನಷ್ಟ ತಗೋಬೇಕು. ಮೊಡವಿ ಮ್ಯಾಲ ಅಷ್ಟ ಅಲ್ಲ, ಏಳೋ ಜಾಗಕ್ಕೆಲ್ಲ ತೆಳ್ಳಗ ಹಚ್ಚಬೇಕು. ಫರಕ್ ಕಾಣಾಕ ಆರು ವಾರ, ಎಂಟು ವಾರ ಬೇಕು. ನಡುವ ಬಿಡಬ್ಯಾಡ. ಹಂಗಂತ ವರ್ಷಗಟ್ಟಲೆ ಹಚ್ಚಕೋತ ಕುಂದ್ರೂದೂ ಬ್ಯಾಡ. ನಿನ್ ಟ್ಯೂಬು ನಿನಗ ಅಷ್ಟ.”

ಆ ಟ್ಯೂಬಿನಲ್ಲಿ ಎರಡು ಔಷಧ ಬೆರೆಸಿರುತ್ತಾರಂತೆ. ಒಂದು ಆ್ಯಂಟಿಬಯಾಟಿಕ್, ಮೊಡವೆಯ ಕ್ರಿಮಿಗಳನ್ನು ಅಡಗಿಸುವುದು. ಅದೊಂದನ್ನೇ ಹಚ್ಚುತ್ತಾ ಹೋದರೆ ಕ್ರಿಮಿಗಳು ಪಳಗಿಬಿಡುತ್ತವೆಂದು ಜೊತೆಗೆ ಇನ್ನೊಂದು. ಇದು ನನಗೆ ತಕ್ಷಣ ತಿಳಿಯಿತು, ಏಕೆಂದರೆ ಹಂಪಿಯ ಕೋತಿಗಳನ್ನು ನಾನು ಬಲ್ಲೆ. ಮೊದಲ ದಿನ ಕೋಲು ಎತ್ತಿದರೆ ಓಡುತ್ತವೆ. ವಾರ ಕಳೆದರೆ ಅದೇ ಕೋಲನ್ನು ನೋಡುತ್ತಾ, ನಮ್ಮದೇ ಬಾಳೆಹಣ್ಣು ಸುಲಿಯುತ್ತಾ ಕೂರುತ್ತವೆ. ಆಗ ಕೋಲಿನ ಜೊತೆಗೆ ಪಟಾಕಿಯೂ ಬೇಕು. ಈ ಹೋಲಿಕೆಯನ್ನು ಡಾಕ್ಟರಮ್ಮನಿಗೂ ಹೇಳಿದೆ. ಅವರು ಮುಂದಿನವರನ್ನು ಕರೆದರು.

ಇಷ್ಟೆಲ್ಲ ಕೇಳಿಸಿಕೊಂಡವನು ಅದೇ ವಾರ ಆ ಟ್ಯೂಬನ್ನು ಕದ್ದೆ. ಹಣೆಯಲ್ಲಿ ಮೂರು ಎದ್ದದ್ದು ಆಗಲೇ. ಮತ್ತೆ ಅದೇ ಆಸ್ಪತ್ರೆಗೆ ಹೋಗಿ, ಕಾಲೇಜು ಹುಡುಗಿಯರ ಸಾಲಿನಲ್ಲಿ ಕೂತು ‘ಮೊಡವೆ’ ಎನ್ನಲು ನಾಚಿಕೆಯಾಯಿತು. ಹೇಗೂ ಟ್ಯೂಬು ಬಚ್ಚಲುಮನೆಯ ಗೂಡಿನಲ್ಲೇ ಇತ್ತು. ನಮ್ಮ ಮನೆಗಳಲ್ಲಿ ಗೂಡಿನಲ್ಲಿಟ್ಟದ್ದು ಒಬ್ಬರದು ಎನ್ನುವ ಲೆಕ್ಕವೇ ಇಲ್ಲ, ಸುಟ್ಟ ಗಾಯದ ಮುಲಾಮಿನಿಂದ ಹಿಡಿದು ಬಾಚಣಿಗೆಯವರೆಗೆ ಎಲ್ಲವೂ ಎಲ್ಲರವು. ಸಂಜೆ ಸ್ಟುಡಿಯೊದಿಂದ ಬಂದು, ಚಿಲಕ ಹಾಕಿಕೊಂಡು, ಟ್ಯೂಬಿನ ಹೊಟ್ಟೆಯ ಮೇಲೆ ಒತ್ತಿದರೆ ಬಟಾಣಿಯ ಬದಲು ಅವರೆಕಾಯಿಯಷ್ಟು ಬರುತ್ತಿತ್ತು. ಬಂದದ್ದನ್ನು ಒಳಗೆ ತಳ್ಳಲಾಗುವುದಿಲ್ಲವಲ್ಲ, ಅಷ್ಟನ್ನೂ ಹಚ್ಚಿಕೊಳ್ಳುತ್ತಿದ್ದೆ.

ಹೀಗೆ ಮೂರು ವಾರ ನಡೆಯಿತು. ಒಂದು ಸೋಮವಾರ ಬೆಳಗ್ಗೆ ನನ್ನ ಹಾಸಿಗೆ ಸುತ್ತಿಡಲು ಬಂದ ಅವ್ವ ದಿಂಬು ಹಿಡಿದುಕೊಂಡು ಹಾಗೇ ನಿಂತಳು. ಪಲ್ಲವಿಯ ಬಿಳಿಯದೊಂದನ್ನು ಬಿಟ್ಟರೆ ನಮ್ಮ ಮನೆಯ ದಿಂಬಿನ ಕವರುಗಳೆಲ್ಲ ಕಡುಗೆಂಪು. ಈ ಊರಿನ ಧೂಳು ಕಾಣದಿರಲೆಂದು ಅವ್ವನೇ ಆರಿಸಿದ ಬಣ್ಣ ಅದು. ಆ ಕೆಂಪಿನ ಮೇಲೆ ಅಡ್ಡಡ್ಡಲಾಗಿ ಮೂರು ಬಿಳಿಚು ಗೆರೆಗಳು ಮೂಡಿದ್ದವು. ಕೆಳಗಿನದು ಸ್ವಲ್ಪ ಕದಡಿತ್ತು, ಆದರೂ ಮೂರು ಮೂರೇ. ಅವ್ವ ಒಗೆದು ನೋಡಿದಳು, ಹೋಗಲಿಲ್ಲ. ಹುಣಸೆಹಣ್ಣು ತಿಕ್ಕಿದಳು, ಹೋಗಲಿಲ್ಲ. ನಾವು ಶಿವಭಕ್ತರ ಮನೆಯವರು. ಸೋಮವಾರ, ಮೂರು ಗೆರೆ, ಒಗೆದರೂ ಹೋಗದ್ದು ಎಂದರೆ ಇನ್ನೇನು ಬೇಕು. ಮಧ್ಯಾಹ್ನದ ಹೊತ್ತಿಗೆ ದಿಂಬು ದೇವರ ಕೋಣೆಯಲ್ಲಿ ಮಣೆಯ ಮೇಲೆ ಕೂತಿತ್ತು, ಪಕ್ಕದ ಮನೆಯವರು ಕಾಯಿ ತಂದಿದ್ದರು. ಕಂಪ್ಲಿಯಲ್ಲಿರುವ ಚಿಕ್ಕವ್ವ, ಎಂದರೆ ಅವ್ವನ ತಂಗಿ, ಮುಂದಿನ ಸೋಮವಾರ ಟೆಂಪೊ ಮಾಡಿಕೊಂಡು ಬರುವುದೆಂದು ಫೋನಿನಲ್ಲೇ ನಿಶ್ಚಯವಾಯಿತು. ಸಂಡೂರಿನ ಶಾಲೆಯಲ್ಲಿ ಪಾಠ ಮಾಡಿ ಸಂಜೆಯ ಬಸ್ಸಿಗೆ ಬಂದ ನನ್ನ ಹೆಂಡತಿ ‘ಇವರ ದಿಂಬಿಗೆ?’ ಎಂದು ಮಾತ್ರ ಕೇಳಿದಳು. ನನಗೂ ಅದೇ ಆಶ್ಚರ್ಯ. ಆದರೆ ಒಳಗೆಲ್ಲೋ ಸ್ವಲ್ಪ ಹೆಮ್ಮೆಯೂ ಆಗಿತ್ತು, ಇರಬಹುದು, ನಾನು ಅಂಥ ಕೆಟ್ಟವನೇನೂ ಅಲ್ಲ ಎಂದು.

ಆ ಗುರುವಾರ ಮಗಳನ್ನು ಮತ್ತೆ ತೋರಿಸಲು ಕರೆದೊಯ್ದೆ. ಅವಳ ಮುಖ ತಿಳಿಯಾಗತೊಡಗಿತ್ತು, ಆದರೂ ದಾರಿಯುದ್ದಕ್ಕೂ ಸಪ್ಪಗಿದ್ದಳು. ಡಾಕ್ಟರಮ್ಮ ಟ್ಯೂಬು ತೆಗೆದುಕೊಂಡು ನೋಡಿದರು. ಅದು ಬಾಲದಿಂದ ಸುರುಳಿ ಸುತ್ತಿಕೊಂಡು ಪೂರ್ತಿ ಖಾಲಿಯಾಗಿತ್ತು.

“ಎರಡು ತಿಂಗಳಾದ್ರೂ ಬರಬೇಕಿತ್ತು ಈ ಟ್ಯೂಬು. ಮೈಗೆಲ್ಲ ಹಚ್ಚೀಯೇನು?”

“ಇಲ್ರಿ, ಬಟಾಣಿ ಕಾಳಿನಷ್ಟ ಹಚ್ಚೀನಿ.”

“ಸುಳ್ಳು ಹೇಳಬ್ಯಾಡ ಮಗಾ. ಹಿಂಗ ಬಳಕೊಂಡ್ರ ಚರ್ಮ ಸುಡತೈತಿ. ಮಾತು ಕೇಳಂಗಿಲ್ಲ ಅಂದ್ರ ನಾನು ಈ ಔಷಧ ನಿಲ್ಲಸಬೇಕಾಗತೈತಿ.”

ಪಲ್ಲವಿಯ ಕಣ್ಣು ತುಂಬಿತು. ಎರಡು ವರ್ಷದ ಹಿಂದೆ ಪರೀಕ್ಷೆಯ ಕೊಠಡಿಯಲ್ಲಿ ಅವಳು ಹೇಗೆ ನಿಂತಿರಬಹುದು ಎಂದು ನನಗೆ ಕಾಣಿಸಿದ್ದು ಆಗ. ಅವತ್ತು ಅವಳ ಮುಖವನ್ನು ಯಾರೂ ನಂಬಿರಲಿಲ್ಲ, ಇವತ್ತು ಮಾತನ್ನು ನಂಬುತ್ತಿಲ್ಲ. ಎರಡಕ್ಕೂ ಕಾರಣನಾದವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ನಾನು ಕರವಸ್ತ್ರ ತೆಗೆದು ಹಣೆಯ ವಿಭೂತಿ ಒರೆಸಿಕೊಂಡು, “ಆಕಿ ಖರೇನ ಹೇಳ್ತಾಳ್ರಿ. ಬಳಕೊಂಡಾವ ನಾನು” ಎಂದೆ.

ಡಾಕ್ಟರಮ್ಮ ನನ್ನ ಹಣೆಯ ಮೇಲೆ ದೀಪ ಹಿಡಿದರು. ವಿಭೂತಿ ಹೋದ ಜಾಗದಲ್ಲಿ ಮೂರು ಅಡ್ಡ ಪಟ್ಟಿಗಳಂತೆ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತ್ತು. ಮೊಡವೆಗಳು ಮಾತ್ರ ಪಟ್ಟಿಗಳ ನಡುವಿನ ಜಾಗದಲ್ಲಿ ಸುಖವಾಗಿದ್ದವು.

“ಇದೇನ್ರಿ ಇದು, ಹೆಂಗ ಹಚ್ಚಿಕೊಂತಿದ್ರಿ?”

ನನಗೆ ಗೊತ್ತಿರಲಿಲ್ಲ. ನಿಜವಾಗಿ ಹೇಳುತ್ತೇನೆ, ಆ ಕ್ಷಣದವರೆಗೂ ನಾನು ಗಮನಿಸಿರಲಿಲ್ಲ. ಹಚ್ಚಿ ತೋರಿಸಿ ಎಂದು ಅವರು ಹೇಳಿದಾಗ ಬಲಗೈ ತಾನಾಗಿ ಮೇಲೆದ್ದಿತು, ನಡುವಿನ ಮೂರು ಬೆರಳು ಸೇರಿದವು, ಎಡದಿಂದ ಬಲಕ್ಕೆ ಒಂದೇ ಎಳೆತಕ್ಕೆ ಎಳೆದವು. ಐದು ವರ್ಷದವನಿದ್ದಾಗಿನಿಂದ ದಿನವೂ ಸ್ನಾನವಾದ ಮೇಲೆ ವಿಭೂತಿ ಧರಿಸಿದ ಕೈ. ಹಣೆಗೆ ಏನನ್ನಾದರೂ ಹಚ್ಚುವುದಕ್ಕೆ ಅದಕ್ಕೆ ಬೇರೆ ದಾರಿ ಗೊತ್ತಿಲ್ಲ. ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದಿಟ್ಟರು. ಆಮೇಲೆ “ದಿಂಬು, ಟವೆಲ್ಲು ಜ್ವಾಕಿ ನೋಡ್ರಿ, ಇದರಾಗ ಬಣ್ಣ ತಿನ್ನೋ ಔಷಧ ಐತಿ. ಪಲ್ಲವಿದು ಬಿಳಿ ಕವರ್ ಇರಬೇಕು, ಅದಕ್ಕ ಗೊತ್ತಾಗಿಲ್ಲ” ಎಂದರು. ನಾನು ಬೋರಲು ಮಲಗುವವನು, ಹಣೆಯನ್ನು ದಿಂಬಿಗೆ ಒತ್ತಿ. ನಾನೂ ಮಗಳೂ ಒಟ್ಟಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ಹೊತ್ತು ಅತ್ತಿದ್ದವಳು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ನಗುತ್ತಿದ್ದಳು. ನನಗೂ ಬೇರೆ ಟ್ಯೂಬು, ಬೇರೆ ಚೀಟಿ ಸಿಕ್ಕಿತ್ತು.

ಇನ್ನು ಅವ್ವ. ಕಂಪ್ಲಿಯವರು ಬರುವ ಮುಂಚೆ ಹೇಳಲೇಬೇಕಿತ್ತು, ಹೇಳಿದರೆ ಅವಳ ಮನಸ್ಸು ಮುರಿಯುತ್ತದೆಂಬ ಭಯವೂ ಇತ್ತು. ಅವಳು ದಿಂಬಿಗೆ ಹೂ ಏರಿಸುತ್ತಿರುವಾಗ ಪಕ್ಕದಲ್ಲಿ ಕೂತು ಟ್ಯೂಬು ಕದ್ದದ್ದರಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ಅವ್ವ ಪೂರ್ತಿ ಕೇಳಿದಳು. ಹೂವನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

“ಬಣ್ಣ ತಿಂದದ್ದು ಔಷಧ, ಆತು. ಮೂರು ಬೆರಳಿಲೆ ಎಳಕೋ ಅಂತ ಟ್ಯೂಬಿನ ಮ್ಯಾಲ ಬರದಿತ್ತೇನು?”

“ಇಲ್ಲವ್ವ.”

“ಮತ್ತ?” ಎಂದು ಹೂ ಏರಿಸಿದಳು.

ಸೋಮವಾರ ಬಂದ ಚಿಕ್ಕವ್ವನಿಗೂ ಅವಳ ಜೊತೆಯವರಿಗೂ ಅವ್ವ ಏನೂ ಮುಚ್ಚಿಡದೆ ನಡೆದದ್ದನ್ನೇ ಹೇಳಿದಳು, ಅವರು ನಡೆದದ್ದನ್ನು ಕೇಳಿಯೇ ಕೈಮುಗಿದರು. ಚಿಕ್ಕವ್ವ ತನ್ನ ಮೊಮ್ಮಗಳಿಗೆ ಬೇಕೆಂದು ಆ ಟ್ಯೂಬಿನ ಹೆಸರು ಕೇಳಿದಾಗ ಮಾತ್ರ ಅವ್ವ ಬಿಗಿಯಾದಳು. “ಹೆಸರು ಗಿಸರು ಬ್ಯಾಡ. ಡಾಕ್ಟ್ರಿಗೆ ತೋರಸ್ರಿ. ಒಬ್ಬರದು ಒಬ್ಬರು ಹಚ್ಚಿಕೊಂಡ್ರ ಏನಾಗತೈತಿ ಅಂತ ನನ್ನ ಮಗನ್ನ ನೋಡ್ರಿ” ಎಂದಳು. ಎಲ್ಲರೂ ನನ್ನನ್ನು ನೋಡಿದರು.

ಎಂಟನೆಯ ವಾರದ ಕೊನೆಗೆ ಒಂದು ಭಾನುವಾರ ಬೆಳಗ್ಗೆ ಪಲ್ಲವಿ ತಾನಾಗಿ ಸ್ಟುಡಿಯೊಕ್ಕೆ ಬಂದಳು. “ಒಂದು ಫೋಟೊ ತಗಿ. ಹೆಂಗದೀನೋ ಹಂಗ. ಮುಟ್ಟಿದಿ ಅಂದ್ರ ಇದ ಕಡೀದು” ಎಂದಳು. ಎಡಗಲ್ಲದಲ್ಲಿ ಇನ್ನೂ ಒಂದೆರಡು ಉಳಿದಿದ್ದವು, ಹಳೆಯ ಕಲೆಗಳೂ ಇದ್ದವು. ತೆಗೆದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತಾಗ ನನ್ನ ಬಲಗೈ ಏನು ಮಾಡಿತೆಂದು ನೀವು ಊಹಿಸಬಲ್ಲಿರಿ. ಮೌಸಿನ ಮೇಲೆ ಹೋಗಿ, ಅಳಿಸುವ ಗುರುತನ್ನು ಒತ್ತಿ, ಅವಳ ಗಲ್ಲದ ಹತ್ತಿರ ಬಂದು ನಿಂತಿತ್ತು. ಅದನ್ನು ಎತ್ತಿ ತೊಡೆಯ ಕೆಳಗೆ ಇಟ್ಟುಕೊಂಡು, ಎಡಗೈಯಲ್ಲಿ ಪ್ರಿಂಟ್ ಕೊಟ್ಟೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಫೋಟೊ ಅವ್ವನ ಕೈಗೆ ಹೋಯಿತು. ಮೊಮ್ಮಗಳ ಮೊಡವೆಗಳನ್ನು ದಿನವೂ ಎಣಿಸುತ್ತಿದ್ದವಳು ಅವಳು. ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿ, ಮತ್ತೆ ಎಣಿಸಿದಳು.

“ಎಡಗಲ್ಲದಾಗ ಮೂರಿದ್ವು. ಇದರಾಗ ಎರಡ ಅದಾವ. ಒಂದನ್ನ ನೀ ಒರಸೀದಿ.”

“ಇಲ್ಲವ್ವ, ನಾ ಕೈ ಹಚ್ಚಿಲ್ಲ.”

“ನಿನ್ನೆ ಮುಂಜಾನೆ ನಾನ ಎಣಿಸೀನಿ.”

“ನಿನ್ನ ದಿಂಬಿನಾಣಿ.”

ದಿಂಬಿನ ಆಣೆಗೂ ಅವ್ವ ಜಗ್ಗಲಿಲ್ಲ. ನನ್ನ ಹೆಂಡತಿ ಸಾರಿನ ಪಾತ್ರೆ ಹಿಡಿದು ನನ್ನ ಕಡೆ ನೋಡಿದ ರೀತಿಯಲ್ಲಿ ಅವಳೂ ಅವ್ವನ ಪಕ್ಷವೆಂದು ತಿಳಿಯಿತು. ಇಡೀ ಜೀವಮಾನದಲ್ಲಿ ಏನನ್ನೂ ಅಳಿಸದೆ ಕೊಟ್ಟ ಮೊದಲ ಫೋಟೊ ಅದು, ನಂಬುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಪಲ್ಲವಿ ತಟ್ಟೆ ಸರಿಸಿ ಎದ್ದಳು. ಅಜ್ಜಿಯ ಪಕ್ಕದಲ್ಲಿ ಕೂತು, ಅವಳ ಬೆರಳು ಹಿಡಿದು ತನ್ನ ಎಡಗಲ್ಲದ ಮೇಲಿಟ್ಟುಕೊಂಡಳು.

“ನೀನ ಮುಟ್ಟಿ ನೋಡಜ್ಜಿ, ಎರಡ ಅದಾವ. ಅಪ್ಪ ಒರಸಿಲ್ಲ.”