ದೇವರ ಹತ್ತಿರ ಹೇಳಿದ ಗುಟ್ಟು

ಕಾಜಾ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ದರ್ಜಿ ಅಂಗಡಿಯವರೆಲ್ಲ ಹೇಳುತ್ತಾರೆ. ಹೇಳಲಿ. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಊರವರ ಅಂಗಿಗಳಿಗೆಲ್ಲ ಕಾಜಾ ಹೊಲಿದು ಗುಂಡಿ ಹಚ್ಚುವವಳು ಅವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದ್ದು ಅದೇ ಸೂಜಿಯಿಂದ. ಅವಳ ಕೋಪ ಕಾರಣವಿಲ್ಲದೆ ಬರುವುದಿಲ್ಲ. ಈ ಸಲದ ಕಾರಣ ಕೇಳಿದರೆ ನಿಮ್ಮ ಮೈಯೂ ಉರಿದೀತು.

ಅವಳ ಭಕ್ತಿ ದೊಡ್ಡ ಗಂಟಲಿನದಲ್ಲ. ಬೆಳಿಗ್ಗೆ ದಾರ ಪೋಣಿಸುವಾಗ ಒಂದು ಮಾತು, ಅಂಗಿ ಮಡಚಿಡುವಾಗ ಇನ್ನೊಂದು ಮಾತು: "ಕರ್ತನೇ, ಇದನ್ನ ತೊಟ್ಟುಕೊಳ್ಳೋನಿಗೆ ಒಳ್ಳೇ ಬುದ್ಧಿ ಕೊಡು." ಸಾಹುಕಾರನ ಅಂಗಿ, ಪುಂಡನ ಅಂಗಿ ಎಂಬ ಭೇದವಿಲ್ಲ. "ಅಕ್ಕಾ, ಪ್ರಾರ್ಥನೆಗೆ ಬೇರೆ ಕೂಲಿ ಕೊಡಬೇಕಾ?" ಎಂದು ಅಂಗಡಿಯ ಮೇಸ್ತ್ರಿ ಕಿಚಾಯಿಸಿದರೆ, "ನಿನ್ನ ಅಂಗಿಗೆ ಎರಡೆರಡು ಸಲ ಮಾಡ್ತೀನಿ, ಆದ್ರೂ ನಾಟೋದಿಲ್ಲ" ಎನ್ನುವಳು. ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದು, ಮಲಗುವ ಮುಂಚೆ ವಾಕ್ಯ ಓದುವುದು, ಬುಧವಾರ ಸಂಜೆ ನಾದಿನಿಯ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗುವುದು, ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸಹಜ.

ನಾದಿನಿಯ ಬಗೆ ಬೇರೆ. ಅವಳು ಪ್ರಾರ್ಥನೆಗೆ ಬಾಯಿ ತೆರೆದರೆ ಒಲೆಯ ಮೇಲಿನ ಹಾಲು ಉಕ್ಕಿ ತಳ ಹಿಡಿದರೂ ಆಮೆನ್ ಬರುವುದಿಲ್ಲ. ಕೂಟ ನಡೆಸುವವಳು ಅವಳೇ. ವಾರವಾರವೂ ಎಲ್ಲರಿಂದ 'ಪ್ರಾರ್ಥನೆಯ ವಿಷಯ' ಕೇಳಿ ಕೇಳಿ, ಯಾರ ಮನೆಯಲ್ಲಿ ಏನು ಹೊತ್ತಿ ಉರಿಯುತ್ತಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬರೀ ಚಾಡಿ ಹೇಳುವವರನ್ನು ಜನ ದೂರ ಇಡುತ್ತಾರೆ. ಅದೇ ಚಾಡಿಗೆ ಕಣ್ಣು ಮುಚ್ಚಿ ಕೈ ಜೋಡಿಸಿಬಿಟ್ಟರೆ, ಮುಂದಿನ ಕುರ್ಚಿಯಲ್ಲೇ ಕೂರಿಸುತ್ತಾರೆ.

ಒಂದು ಭಾನುವಾರ ಕಾಜಾ ಅಕ್ಕ ಆರಾಧನೆ ಮುಗಿಸಿ ಬರುವಾಗ ಮಗಳು ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ತುಟಿ ಒಡೆದಿತ್ತು. ಎಡಗೈ ಎತ್ತಲಾಗುತ್ತಿರಲಿಲ್ಲ. ಗಂಡ ಹೊಡೆಯುವುದು ಹೊಸದಲ್ಲ, ಅವಳು ಬಾಯಿ ಬಿಟ್ಟು ಹೇಳಿದ್ದು ಹೊಸದು.

"ಈ ಸಲ ಕೊಂದೇ ಹಾಕ್ತೀನಿ ಅಂದ ಅಮ್ಮ. ಸುಮ್ನೆ ಅಂದಿದ್ದಲ್ಲ."

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು. ಜೊತೆಗೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೂ ಹೇಳಿ ಕಳಿಸಿದರು. ಆ ಗಾದೆ ಕಟ್ಟಿದವನ ತುಟಿಯನ್ನು ಯಾರೂ ಒಡೆದಿರಲಾರರು. ತಾಯಿಯ ಮನೆಯಲ್ಲಿದ್ದರೆ ಅಳಿಯ ಮೊದಲು ಬರುವುದು ಅಲ್ಲಿಗೇ. ಹಾಗಾಗಿ ಕಾಜಾ ಅಕ್ಕ ಹಳೇ ಶಾಲೆಯ ಹಿಂದಿನ ಮಹಿಳಾ ಹಾಸ್ಟೆಲ್ಲಿಗೆ ಹೋಗಿ, ಪರಿಚಯದ ವಾರ್ಡನ್ನಿನ ಕೈಕಾಲು ಹಿಡಿದು, ಮಗಳಿಗೊಂದು ಮಂಚ ಗಿಟ್ಟಿಸಿದಳು. ಮಗಳು ಉಳಿಯಬೇಕಾದರೆ ಆ ಜಾಗ ಗುಟ್ಟಾಗಿ ಉಳಿಯಬೇಕಿತ್ತು.

ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ದಿನ ಅನ್ನ ಸೇರಲಿಲ್ಲ. ಇಬ್ಬರು ಕೂಡಿ ಬೇಡಿದರೆ ದೇವರು ಬೇಗ ಕಿವಿಗೊಡುತ್ತಾನೆಂದು ಚಿಕ್ಕಂದಿನಿಂದ ನಂಬಿದವಳು. ನಾದಿನಿಗೆ ಮಾತ್ರ ಹೇಳಿದಳು. ಇಬ್ಬರೂ ಅಡುಗೆಮನೆಯಲ್ಲಿ ಮೊಣಕಾಲೂರಿ ಅತ್ತರು. "ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಲ್ಲ ಅತ್ತಿಗೆ" ಎಂದಳು ನಾದಿನಿ.

ಆ ಬುಧವಾರ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ. ಕಾಜಾ ಅಕ್ಕ ಕೂಟಕ್ಕೆ ಹೋಗಲಾಗಲಿಲ್ಲ. ಅಲ್ಲಿ ಏನಾಯಿತೆಂದು ಆಮೇಲೆ ಪಕ್ಕದ ಮನೆಯ ಅಜ್ಜಿ ಚಾಚೂ ತಪ್ಪದೆ ಒಪ್ಪಿಸಿದಳು. ನಾದಿನಿ ಕಣ್ಣು ಮುಚ್ಚಿ ಗದ್ಗದ ದನಿಯಲ್ಲಿ ಬೇಡಿದಳಂತೆ: "ಕರ್ತನೇ, ಹೆಸರು ಹೇಳೋದಿಲ್ಲ, ನೀನು ಬಲ್ಲೆ. ನಮ್ಮ ಕುಟುಂಬದ ಒಂದು ಹೆಣ್ಣುಮಗು ಗಂಡನ ಕೈಯಿಂದ ತಪ್ಪಿಸಿಕೊಂಡು ಹಳೇ ಶಾಲೆ ಹಿಂದಿನ ಹಾಸ್ಟೆಲ್ಲಲ್ಲಿ, ಎರಡನೇ ಮಹಡೀಲಿ, ಒಬ್ಬಳೇ ನಡುಗ್ತಾ ಇದೆ. ಅದನ್ನ ಕಾಪಾಡು." ಶಾಲೆಯ ಗುರುತು, ಮಹಡಿಯ ಲೆಕ್ಕ ಎಲ್ಲ ಕೊಡದಿದ್ದರೆ ದೇವರಿಗೆ ದಾರಿ ತಪ್ಪೀತೆಂದು ಹೆದರಿದಳೋ ಏನೋ. ಸುತ್ತ ಕೂತವರೆಲ್ಲ ಆಮೆನ್ ಎಂದರು. ಅವರಲ್ಲಿ ಮೆಕ್ಯಾನಿಕ್ಕನ ಹೆಂಡತಿಯೂ ಇದ್ದಳು. ಮನೆಗೆ ಹೋಗಿ ಗಂಡನಿಗೆ, "ನೀವೂ ಪ್ರಾರ್ಥನೆ ಮಾಡಿ, ಪಾಪ" ಎಂದಳು. ಗಂಡ ಕೆಲಸ ಮಾಡುವ ಗ್ಯಾರೇಜಿನಲ್ಲೇ ಕಾಜಾ ಅಕ್ಕನ ಅಳಿಯನೂ ಸ್ಪ್ಯಾನರ್ ಹಿಡಿಯುತ್ತಿದ್ದ. ಹೀಗೆ ಆ ಗುಟ್ಟು ದಾರಿಯುದ್ದಕ್ಕೂ ಪ್ರಾರ್ಥನೆಯಾಗಿಯೇ ಹೋಗಿ ಅವನ ಕಿವಿ ಮುಟ್ಟಿತು.

ಶುಕ್ರವಾರ ಅಳಿಯ ಹಾಸ್ಟೆಲ್ಲಿನ ಗೇಟಿಗೆ ಬಂದ. ಕಬ್ಬಿಣದ ರಾಡಿನಿಂದ ಗೇಟು ಬಡಿದ. ಕಾವಲುಗಾರ ಬಿಡಲಿಲ್ಲ, ವಾರ್ಡನ್ ಫೋನು ತಿರುಗಿಸಿದಳು, ಪೊಲೀಸರು ಬರುವಷ್ಟರಲ್ಲಿ ಓಡಿದ. ಮಗಳು ಅಷ್ಟು ಹೊತ್ತೂ ಬಚ್ಚಲಿನಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. "ಬೇರೆ ಹುಡುಗೀರೂ ಹೆದರಿಕೊಂಡಿದ್ದಾರೆ. ಬುಧವಾರದೊಳಗೆ ಬೇರೆ ಕಡೆ ನೋಡ್ಕೊಳ್ಳಿ" ಎಂದಳು ವಾರ್ಡನ್. ಅವಳದೇನು ತಪ್ಪು? ಹೊಸ ಜಾಗ ಹುಡುಕುವ ಹೊಣೆಯನ್ನು ಮಗಳ ಹಾಸ್ಟೆಲ್ ಗೆಳತಿಯೊಬ್ಬಳು ಹೊತ್ತುಕೊಂಡಳು.

ಕಾಜಾ ಅಕ್ಕ ಚಪ್ಪಲಿ ಕಳಚದೆ ನಾದಿನಿಯ ನಡುಮನೆಗೆ ನುಗ್ಗಿದಳು.

"ನಾನು ಯಾರ ಹತ್ರಾನೂ ಹೇಳಿಲ್ಲ ಅತ್ತಿಗೆ" ಎಂದಳು ನಾದಿನಿ. "ದೇವರ ಹತ್ರ ಹೇಳಿದೆ."

"ದೇವರ ಹತ್ರ ಹೇಳೋಕೆ ಊರೆಲ್ಲ ಯಾಕೆ ಕೂರಿಸಿಕೊಂಡೆ? ಅವನಿಗೇನು ಕಿವುಡಾ?"

ನಾದಿನಿ ಅಳತೊಡಗಿದಳು. ಅಳು ನಿಜವೇ ಇರಬಹುದು. ಆದರೆ ಅಳುತ್ತಲೇ ಹೇಳಿದಳು: "ನನ್ನನ್ನ ಕ್ಷಮಿಸಿಬಿಡು. ಕ್ಷಮಿಸದೆ ಇದ್ರೆ ನಿನ್ನ ಪ್ರಾರ್ಥನೇನೂ ಮೇಲಕ್ಕೆ ಹೋಗಲ್ಲ." ಕಾಜಾ ಅಕ್ಕನಿಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಡೆದವನು ಬೀದಿಯಲ್ಲಿ ಆರಾಮಾಗಿ ಓಡಾಡುತ್ತಿದ್ದಾನೆ, ಲೆಕ್ಕ ಒಪ್ಪಿಸಬೇಕಾದವಳು ಮಾತ್ರ ತಾನು. ಮರುದಿನ ಪಾಸ್ಟರು ಅಂಗಡಿಗೇ ಬಂದು, ಸ್ಟೂಲಿನ ಎದುರು ನಿಂತು, "ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬೇಡಿ ಸಹೋದರಿ" ಎಂದರು. "ನನ್ನ ಅಳಿಯನ ಮನೆಗೆ ಹೋಗಿ ಬಂದ್ರಾ ಅಯ್ಯನೋರೇ?" ಎಂದಳು, ಸೂಜಿಯಿಂದ ಕಣ್ಣೆತ್ತದೆ. ಅವರು ಹೋಗಿರಲಿಲ್ಲ.

ಬುಧವಾರ ಸಂಜೆ ಕೂಟಕ್ಕೆ ಅವಳು ಬಂದಾಗ, ರಾಜಿಗೆ ಬಂದಳೆಂದೇ ಎಲ್ಲರ ಮುಖ ಅರಳಿತು. ನಾದಿನಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಮಗು ಈಗ ಎಲ್ಲಿಗೆ ಹೋಗ್ತಾ ಇದೆ ಅತ್ತಿಗೆ? ತಿಳಿದ್ರೆ ಇನ್ನೂ ಭಾರದಿಂದ ಪ್ರಾರ್ಥನೆ ಮಾಡಬಹುದು."

ಕಾಜಾ ಅಕ್ಕ ಕಣ್ಣು ಮುಚ್ಚಿದಳು. ಎಂದೂ ಅಲ್ಲಿ ಗಟ್ಟಿಯಾಗಿ ಪ್ರಾರ್ಥಿಸದವಳು ಅಂದು ಗಟ್ಟಿಯಾಗಿ ಶುರುಮಾಡಿದಳು.

"ಕರ್ತನೇ, ನನಗೆ ಕೋಪ ಬಂದಿದೆ. ಬಂದಿಲ್ಲ ಅಂತ ನಿನ್ನ ಮುಂದೆ ನಾಟಕ ಆಡಲ್ಲ. ನನ್ನ ಮಗಳ ಸಂಕಟಾನ ಇವರು ಕೂತು ಹಂಚಿಕೊಂಡ್ರು, ಕೊನೇಲಿ ನಿನ್ನ ಹೆಸರು ಹಾಕಿ ಮುಗಿಸಿದ್ರು. ಹೊಡೆದೋನು ಭಾನುವಾರ ನಮ್ಮ ಸಭೇಲೇ ಮುಂದಿನ ಬೆಂಚಲ್ಲಿ ಕೂತು ಹಾಡ್ತಾನೆ, ಯಾಕಪ್ಪಾ ಹೊಡೆದೆ ಅಂತ ಒಬ್ಬರೂ ಕೇಳ್ಲಿಲ್ಲ. ಕ್ಷಮಿಸು ಅಂತ ನನಗೆ ಮಾತ್ರ ಹೇಳ್ತಾರೆ. ಅದು ನೀನು ಹೇಳಿದ್ದು, ಕಲೀತೀನಿ. ಆದ್ರೆ ಇವತ್ತು ಆಗಲ್ಲ. ಗುಂಡಿ ಹಚ್ಚೋ ಕೆಲಸ ನನಗೆ ಗೊತ್ತು, ಈ ಬಾಯಿಗಳಿಗೆ ಹಚ್ಚೋದು ಮಾತ್ರ ನಿನ್ನಿಂದಲೇ ಆಗಬೇಕು. ಆಮೆನ್."

ಯಾರೂ ಆಮೆನ್ ಎನ್ನಲಿಲ್ಲ. ಮೆಕ್ಯಾನಿಕ್ಕನ ಹೆಂಡತಿ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಕಾಜಾ ಅಕ್ಕ ಎದ್ದು ಬೀದಿಗೆ ಬಂದಳು.

ನಡೆಯುತ್ತಾ, ಬೈಯುತ್ತಲೇ ಆ ಬಾಯಿಗಳನ್ನೆಲ್ಲ ಹಿಂದಿನಿಂದ ಎಣಿಸಿದಳು. ಮೆಕ್ಯಾನಿಕ್, ಅವನ ಹೆಂಡತಿ, ನಾದಿನಿ. ನಾದಿನಿಗಿಂತ ಮೊದಲು? ಕಾಲು ನಿಂತಿತು. ಮೊದಲು ತೆರೆದ ಬಾಯಿ ತನ್ನದೇ. ಅಷ್ಟು ಹೊತ್ತು ಊರ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅವಳ ಕುತ್ತಿಗೆಗೇ ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು.

"ಅಮ್ಮ, ಬಂದು ಸೇರಿದೆ. ಗೆಳತಿ ಜೊತೇಲಿದ್ದಾಳೆ. ಇದು ಯಾವ ಕಡೆ ಅಂದ್ರೆ..."

"ಬೇಡ."

"ಏನು ಬೇಡ?"

"ನನಗೂ ಹೇಳಬೇಡ. ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ, ಅಷ್ಟು ಹೇಳು."

"ಇದೆ."

"ಹಾಕ್ಕೊ."

ಚಿಲಕ ಬಿದ್ದ ಸದ್ದು ಕೇಳುವವರೆಗೂ ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಬೀದಿಯಲ್ಲೇ ನಿಂತಿದ್ದಳು.