ಅರ್ಧ ಬರೆದ ಮಟ್ಟುಗಳು

ಹೊಳಲ್ಕೆರೆಯ ಶಾಲೆಯೊಂದರಲ್ಲಿ ನಾನು ಸಂಗೀತದ ಟೀಚರ್. ಹೋದ ವರ್ಷ ಮಕ್ಕಳಿಗೆ ಮುನ್ನೂರು ವರ್ಷದ ಹಿಂದಿನ ಒಬ್ಬ ಜರ್ಮನ್ ಸಂಗೀತಗಾರನ ಬಾಲ್ಯದ ಕಥೆ ಓದಿ ಹೇಳುತ್ತಿದ್ದೆ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿ ಬೆಳೆದವನು. ಅಣ್ಣ ಬೀರುವಿನಲ್ಲಿಟ್ಟಿದ್ದ ಸಂಗೀತದ ಪುಸ್ತಕವನ್ನು ಕದ್ದು ನಕಲು ಮಾಡಿದ. ಗೊತ್ತಾದಾಗ ಅಣ್ಣ ಆ ನಕಲನ್ನೇ ಕಿತ್ತುಕೊಂಡ. ಅಷ್ಟು ಓದಿ ಪುಸ್ತಕ ಮುಚ್ಚಿ ಮೂಗು ಒರೆಸಿಕೊಂಡೆ. ನೆಗಡಿ ಅಂತ ಮಕ್ಕಳಿಗೆ ಸುಳ್ಳು ಹೇಳಿದೆ. ಸುಳ್ಳು ನನಗೇನು ಹೊಸದೇ!

ನನ್ನನ್ನು ಸಾಕಿದವನೂ ಅಣ್ಣನೇ. ಹೊಸದುರ್ಗದ ಸುತ್ತಿನ ಹಳ್ಳಿಗಳಿಗೆಲ್ಲ ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಪೇಟಿ ಮಾಸ್ತರು. ಹಾಡುಗಳಿಗೆ ತಾನೇ ಮಟ್ಟು ಕಟ್ಟುತ್ತಿದ್ದ. ಆದರೆ ಪ್ರತಿ ಮಟ್ಟಿನ ಮೊದಲರ್ಧ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ, ಉಳಿದದ್ದು ತಲೆಯಲ್ಲಿ. ಬುಕ್ಕು ಬೇರೆ ಮಾಸ್ತರರ ಕೈಗೆ ಸಿಕ್ಕರೂ ಅವರ ಉಪಯೋಗಕ್ಕೆ ಬರಬಾರದಲ್ಲ!

ಅಡುಗೆಮನೆ ಬಾಗಿಲಿಗೆ ಒರಗಿ ಕೇಳಿ ಕೇಳಿ ನಾನು ಆ ಮಟ್ಟುಗಳನ್ನೆಲ್ಲ ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದೆ. ಎರಡು ವರ್ಷ ಹಿಡಿಯಿತು. ಕೊನೆಯ ಪುಟದಲ್ಲಿ ನಾನೇ ಕಟ್ಟಿದ ಒಂದು ಮಟ್ಟನ್ನೂ ಸೇರಿಸಿದೆ. ಅಣ್ಣ ಹಿಗ್ಗುತ್ತಾನೆ ಅಂದುಕೊಂಡು ನಾನಾಗಿಯೇ ಅವನ ಕೈಗೆ ಕೊಟ್ಟೆ. ಎಂಥ ಪೆದ್ದಿ!

"ಲೇ, ಪೂರ್ತಿ ಬರ್ದಿದೀಯಲ್ಲೇ! ಯಾರಾದ್ರೂ ಎತ್ಕಂಡು ಹೋದ್ರೆ ನನ್ ಗತಿ ಏನು?" ಎಂದವನೇ ಅದನ್ನು ಬಚ್ಚಲ ಒಲೆಗೆ ಹಾಕಿಬಿಟ್ಟ. ನನ್ನ ಮಟ್ಟಿನ ಪುಟ ತೆರೆದು ನೋಡಲೂ ಇಲ್ಲ. ಅವತ್ತಿನಿಂದ ಅವನೆದುರು ಪೇಟಿ ಮುಟ್ಟಲಿಲ್ಲ. ಚಿತ್ರದುರ್ಗಕ್ಕೆ ಹೋಗಿ ಬೇರೆಯವರ ಹತ್ತಿರ ಕಲಿತೆ, ಪರೀಕ್ಷೆ ಕಟ್ಟಿದೆ, ಕೆಲಸ ಹಿಡಿದೆ.

ಮೂರು ವರ್ಷದ ಹಿಂದೆ ಅಣ್ಣನಿಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ನೆನಪೂ ಮಸುಕಾಯಿತು. ಅತ್ತಿಗೆ ಪಕ್ಕದಲ್ಲಿ ಕೂತು ಪೇಟಿಯ ತಿದಿ ಒತ್ತುತ್ತಿದ್ದರು, ಅವನು ಬುಕ್ಕು ನೋಡಿಕೊಂಡು ಬಲಗೈಯಲ್ಲಿ ನುಡಿಸುತ್ತಿದ್ದ. ಮಟ್ಟಿನ ಅರ್ಧಕ್ಕೆ ಬರೆದದ್ದು ಮುಗಿಯುತ್ತಿತ್ತು, ಅವನ ಬೆರಳೂ ಅಲ್ಲೇ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ ಶುರು. ನೋಡುವುದಕ್ಕೆ ಆಗುತ್ತಿರಲಿಲ್ಲ.

"ಮುಂದಿಂದು ಬರ್ತಿಲ್ಲ ಕಣವ್ವ. ನೀನು ಬರ್ದಿದ್ದೆಲ್ಲ, ಏನಾದ್ರೂ ನೆನಪೈತಾ?" ಎಂದು ಒಂದು ದಿನ ಕೇಳಿದ.

ಒಂದೊಂದು ಸ್ವರವೂ ನನಗೆ ನೆನಪಿತ್ತು. "ಇಲ್ಲಣ್ಣ. ನೀನೇ ಸುಟ್ಟೆಯಲ್ಲ," ಎಂದೆ.

ಅವನು ತಲೆ ತಗ್ಗಿಸಿದ. ಸೇಡು ತೀರಿತು ಅನ್ನಿಸಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆಯೂ ಬಂತು. ನಾಚಿಕೆಯಾಗಬೇಕು ನನ್ನ ಜನ್ಮಕ್ಕೆ. ಮುಂದಿನ ಸಲ ಹೋದಾಗ ಹೇಳಿಕೊಟ್ಟರಾಯಿತು, ಇನ್ನಷ್ಟು ದಿನ ಕಾಯಲಿ ಅಂದುಕೊಂಡೆ. ಎರಡು ತಿಂಗಳಿಗೆ ಅಣ್ಣ ತೀರಿಕೊಂಡ.

ತಿಥಿ ಮುಗಿದ ಮಾರನೆಯ ದಿನ ಪೇಟಿಯ ಮುಂದೆ ಕೂತೆ. ಅವನ ಮೊದಲ ಮಟ್ಟನ್ನು ಹಿಡಿದು, ಅವನು ನಿಲ್ಲಿಸುತ್ತಿದ್ದ ಜಾಗ ದಾಟಿ, ಕೊನೆಯವರೆಗೂ ನುಡಿಸಿದೆ. ತಲೆ ಎತ್ತಿದಾಗ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

"ಇದನ್ನೇ ಅಲ್ವಾ ಅವರು ಹುಡುಕ್ತಿದ್ದಿದ್ದು? ನಿಂಗೆ ಬರ್ತಿತ್ತೇನವ್ವ?"

ಯಾವ ಸುಳ್ಳೂ ಹೊಳೆಯಲಿಲ್ಲ. "ಬರ್ತಿತ್ತು ಅತ್ತಿಗೆ," ಎಂದೆ.