ಬದನೆಕಾಯಿಯ ತಪ್ಪಲ್ಲ

ಬದನೆಕಾಯಿಗೆ ಎಣ್ಣೆ ಸವರಿ ಒಲೆಯ ಮೇಲಿಟ್ಟಿದ್ದೆ. ಸಿಪ್ಪೆ ಚಿಟಚಿಟ ಅಂದು ವಾಸನೆ ಎದ್ದಿತು ನೋಡಿ, ಇಪ್ಪತ್ತು ವರ್ಷದ ಹಿಂದಿನ ಸಂಡೂರಿನ ಬಾಣಂತಿ ಕೋಣೆ ಎದುರಿಗೆ ಬಂದು ನಿಂತಿತು. ಹೊಸಪೇಟೆಯ ಈ ಮನೆಯಲ್ಲಿ ಹಗಲೆಲ್ಲ ನಾನೊಬ್ಬಳೇ. ಮಗಳು ಓದಲು ಬೇರೆ ಊರಲ್ಲಿದ್ದಾಳೆ, ಯಜಮಾನರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೋದರೆ ಮಾತಿಗೂ ಜನವಿಲ್ಲ. ಹೋದ ವಾರ ನನಗೆ ಪಿತ್ತಕೋಶದ ಆಪರೇಷನ್ ಆಗಿದೆ, ಹೊರಗೆ ಓಡಾಡುವಂತಿಲ್ಲ. ಹಾಗಾಗಿ ನೆನಪುಗಳ ಜೊತೆಯೇ ಸಂಸಾರ.

ಮಗಳು ಹುಟ್ಟಿದ್ದು ಸಂಡೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ಹೊಟ್ಟೆ ಕೊಯ್ದು. ಮನೆಗೆ ಬಂದ ಮೇಲೆ ಹೊಲಿಗೆ ಕೆಂಪಾಯಿತು, ಆಮೇಲೆ ಕೀವು. ಕಾರಣ ಹುಡುಕಲು ನಮ್ಮ ಅತ್ತೆಗೆ ಕಷ್ಟವೇ ಆಗಲಿಲ್ಲ. ಬಾಣಂತಿ ಕದ್ದು ಬದನೆಕಾಯಿ ತಿಂದಿದ್ದಾಳೆ, ನಂಜಾಗಿದೆ. ತಿಂದದ್ದು ನಿಜವೇ ಅನ್ನಿ. ಪಕ್ಕದ ಮನೆಯವರು ಕೊಟ್ಟ ಎಣ್ಣೆಗಾಯಿ, ಒಂದೇ ತುತ್ತು... ನಂಜಿನ ಮೈಯ ಹಾಲು ಕೂಸಿಗೆ ಬೇಡ ಅಂತ ಮಗಳನ್ನು ಹೊರಗಿನ ಕೋಣೆಗೆ ಒಯ್ದು ಆಕಳ ಹಾಲು ಕುಡಿಸತೊಡಗಿದರು. ಗೋಡೆಯಾಚೆ ಅವಳು ಅಳುತ್ತಿದ್ದಳು, ಈಚೆ ನನ್ನ ಕುಪ್ಪಸ ಹಾಲಿಗೆ ನೆನೆಯುತ್ತಿತ್ತು. ಕೀವಿನ ವಾಸನೆಗೆ ಹೆದರಿ ಯಾರೂ ಒಳಗೆ ಬರುತ್ತಿರಲಿಲ್ಲ, ಊಟದ ತಟ್ಟೆ ಹೊಸ್ತಿಲವರೆಗೆ ಬರುತ್ತಿತ್ತು. ಆಸ್ಪತ್ರೆಗೆ ಹೋದರೆ ಅಲ್ಲೂ ಬೈಸಿಕೊಳ್ಳಬೇಕೆಂದು ಯಾರದೋ ಮುಲಾಮು ಹಚ್ಚುತ್ತಿದ್ದೆವು.

ಅಂಥ ಒಂದು ಮಧ್ಯಾಹ್ನ ಡಾಕ್ಟರಮ್ಮ ಬಂದರು. ನನಗೆ ಆಪರೇಷನ್ ಮಾಡಿದವರೇ. ಯಾರೂ ಕರೆದಿರಲಿಲ್ಲ. ಗಣಿಯ ಅದಿರಿನ ಧೂಳಿಗೆ ಅವರ ಸೀರೆಯ ಅಂಚೆಲ್ಲ ಕೆಂಪಾಗಿತ್ತು.

"ಆಪರೇಷನ್ ಆಗಿ ತಿರುಗಿ ಬರದವ್ರೆಲ್ಲ ಆರಾಮ ಅದಾರಂತ ತಿಳ್ಕೊಂಡು ಕುಂತಿದ್ವಿ," ಅಂದರು. "ಖರೇನೋ ಸುಳ್ಳೋ, ಮನಿಗೇ ಹೋಗಿ ನೋಡೋಣಂತ ಹೊಂಟೀನಿ."

ಮೂಗು ಮುಚ್ಚಿಕೊಳ್ಳದೆ ನನ್ನ ಹಾಸಿಗೆಯ ಮೇಲೇ ಕೂತು ಗಾಯ ನೋಡಿದರು. ಅಷ್ಟು ದಿನದ ಮೇಲೆ ಒಬ್ಬರು ನನ್ನ ಪಕ್ಕ ಕೂತಿದ್ದರು. ಅತ್ತೆ ಬಾಗಿಲಲ್ಲೇ ನಿಂತು ಬದನೆಕಾಯಿಯ ಪುರಾಣ ಶುರು ಮಾಡಿದರು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು.

"ಈಗ ನೋಡಿ ಬಂದ ಮನ್ಯಾಗೂ ಹಿಂಗ ಕೀವಾಗೇತ್ರಿ. ಅಲ್ಲಿ ಬಾಣಂತಿ ಬದನಿಕಾಯಿ ಮುಟ್ಟೇ ಇಲ್ಲ. ಬದನಿಕಾಯಿದು ತಪ್ಪಲ್ಲ, ಈಕಿದೂ ಅಲ್ಲ. ನಮ್ಮ ಆಸ್ಪತ್ರ್ಯಾಗ ಏನೋ ತಪ್ಪಾಗೇತಿ. ಕೂಸಿನ್ನ ತಂದು ತಾಯಿಗೆ ಕೊಡ್ರಿ."

ಅತ್ತೆ ಅಲುಗಲಿಲ್ಲ. ಡಾಕ್ಟರಮ್ಮ ಕೈ ತೊಳೆದುಕೊಂಡು, ತಾವೇ ಹೋಗಿ ಮಗಳನ್ನು ಎತ್ತಿಕೊಂಡು ಬಂದು ನನ್ನ ಎದೆಗೆ ಕೊಟ್ಟರು. ನಾನು ಅತ್ತುಬಿಟ್ಟೆ. ತಪ್ಪು ನಮ್ಮದು ಅಂದ ಡಾಕ್ಟರನ್ನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಗಾಯ ಕಟ್ಟಿಸಲು ಆಸ್ಪತ್ರೆಗೆ ಹೋಗುತ್ತಿದ್ದಾಗ ಕಾರಣ ಗೊತ್ತಾಯಿತು. ಆಪರೇಷನ್ನಿನ ಬಟ್ಟೆಗಳನ್ನು ಗಂಟು ಕಟ್ಟಿ, ಕ್ರಿಮಿ ಸಾಯಲೆಂದು ಹಬೆಯ ಪೆಟ್ಟಿಗೆಯಲ್ಲಿ ಬೇಯಿಸುತ್ತಾರೆ. ಕರೆಂಟು ಕೈಕೊಟ್ಟಾಗ ಅವನ್ನು ಹಸಿಯಾಗಿಯೇ ತೆಗೆದು, ಒಣಗಲಿ ಅಂತ ಕಿಟಕಿಯಲ್ಲಿ ಇಡುತ್ತಿದ್ದರಂತೆ. ಹಸಿ ಗಂಟಿನೊಳಗೆ ಹೊರಗಿನ ಹೊಲಸು ಇಳಿಯುತ್ತದೆ. ಗಂಟಿನ ಮೇಲೆ ಕೆಂಪು ಧೂಳು ಕೂತದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಸಂಡೂರಿನಲ್ಲಿ ಕೆಂಪಾಗದ ಬಟ್ಟೆ ಯಾವುದಿದೆ ಹೇಳಿ? ಕಂಡರೂ ಯಾರಿಗೂ ಅದು ಲೆಕ್ಕಕ್ಕಿರಲಿಲ್ಲ.

ಹಬೆಯ ಪೆಟ್ಟಿಗೆಯಲ್ಲೇ ಪೂರ್ತಿ ಒಣಗದ ಗಂಟು ಬಳಸುವಂತಿಲ್ಲ ಅಂತ ಡಾಕ್ಟರಮ್ಮ ಹಟ ಹಿಡಿದರು. ಆಪರೇಷನ್ ಮುಂದಕ್ಕೆ ಹೋದವರ ಮನೆಯವರು ಕೂಗಾಡಿದರು. ಮನೆ ಮನೆ ತಿರುಗಿ ಆಸ್ಪತ್ರೆಯ ಮಾನ ಕಳೆದರು ಅಂತ ಜೊತೆಯ ಡಾಕ್ಟರು, ನರ್ಸುಗಳೇ ಅವರ ಹತ್ತಿರ ಮಾತು ಬಿಟ್ಟರು. ಹೊಸಬರಿಗೆ ಕೀವಾಗುವುದು ಕಡಿಮೆಯಾಯಿತು, ಜೊತೆಯವರ ಮಾತು ಮಾತ್ರ ಮರಳಿ ಬರಲಿಲ್ಲ. ಒಂದು ದಿನ ನೋಡಿದರೆ ಒಳಗೆ ಎಲ್ಲರೂ ನಗುತ್ತ ಉಣ್ಣುತ್ತಿದ್ದಾರೆ, ಇವರು ಹೊರಗೆ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾರೆ. ಕೂಸನ್ನು ಎತ್ತಿಕೊಂಡು ನಿಂತ ನನ್ನನ್ನು ಕಂಡು ಜಾಗ ಮಾಡಿಕೊಟ್ಟರು.

"ಕುಂದ್ರವ್ವ. ಇವತ್ತರ ಊಟಕ್ಕ ಜೋಡಿ ಸಿಕ್ಕಂಗಾತು."

ಮಗಳು ಅಂಬೆಗಾಲಿಡುವ ಹೊತ್ತಿಗೆ ಅವರು ಆ ಆಸ್ಪತ್ರೆ ಬಿಟ್ಟಿದ್ದರು. ಹಾರ ಹಾಕಿ ಕಳಿಸಿದರೋ ಇಲ್ಲವೋ... ಕಳಿಸಿರಲಿಕ್ಕಿಲ್ಲ. ಕಂಪ್ಲಿಯವರು ಅಂತ ಮಾತ್ರ ತಿಳಿದಿತ್ತು. ಹೋದ ವರ್ಷ ಕಂಪ್ಲಿಯಲ್ಲಿ ಒಂದು ಮದುವೆಗೆ ಹೋದಾಗ ವಿಚಾರಿಸಿದೆ. "ಅವ್ರು ತೀರ್ಕೊಂಡು ಭಾಳ ದಿನಾತಲ್ರಿ," ಅಂದರು ಹೋಳಿಗೆ ಬಡಿಸುತ್ತಿದ್ದವರು. ನಾನು ಹೋಳಿಗೆ ಮುಟ್ಟದೆ ಎಲೆ ಮಡಚಿ ಎದ್ದೆ. ಮನೆಗೆ ಬಂದರೂ ಯಾರಿಗೂ ಹೇಳಲಿಲ್ಲ. ಯಾರು ಹೋದರು ಅಂತ ಹೇಳುವುದು? ಅವರು ಬಂಧುವಲ್ಲ, ಬಳಗವಲ್ಲ.

ಒಲೆಯ ಮುಂದೆ ಇದನ್ನೆಲ್ಲ ನೆನೆಯುತ್ತಿರುವಾಗ ಫೋನು ರಿಂಗಾಯಿತು. ಹೋದ ವಾರ ನನಗೆ ಆಪರೇಷನ್ ಆದ ಆಸ್ಪತ್ರೆಯ ಹುಡುಗಿ. ಮನೆಗೆ ಕಳಿಸಿದವರನ್ನೆಲ್ಲ ಈಗ ಹೀಗೆ ವಿಚಾರಿಸುತ್ತಾರಂತೆ.

"ಗಾಯ ಕೆಂಪಾಗೇತೇನ್ರಿ? ಕೀವು, ಜ್ವರ?"

ಇಲ್ಲ ಅಂದೆ. ಆಸ್ಪತ್ರೆಯವರೇ ಹೀಗೆ ಕೇಳುವ ಕಾಲ ಬಂತಲ್ಲ ಅಂತ ಖುಷಿಯಾಯಿತು. ಈ ಸುದ್ದಿ ಕೇಳಬೇಕಾದವರೇ ಇಲ್ಲವಲ್ಲ ಅಂತ ಸಂಕಟವೂ ಆಯಿತು.

"ಬದನಿಕಾಯಿ ಗಿದನಿಕಾಯಿ ತಿನ್ನಬ್ಯಾಡ್ರಿ ಆಂಟಿ, ನಂಜಾಕ್ಕೈತಿ."

"ಬದನಿಕಾಯಿದೇನು ತಪ್ಪಿಲ್ಲವ್ವ. ನಮ್ಮ ಡಾಕ್ಟರಮ್ಮ ಹೇಳ್ಯಾರ."

"ಯಾವ ಡಾಕ್ಟರ್ರಿ? ಇಲ್ಲೇ ಅದಾರೇನ್ರಿ?"

"ಇಲ್ಲವ್ವ," ಅಂದೆ. "ತೀರ್ಕೊಂಡ್ರು."

ಬಾಯಿಬಿಟ್ಟು ಆ ಮಾತು ಆಡಿದ್ದು ಅದೇ ಮೊದಲು. ಹುಡುಗಿ ಬೇರೆಯವರಿಗೂ ಫೋನ್ ಮಾಡಬೇಕು ಅಂತ ಇಟ್ಟಳು. ಬದನೆಕಾಯಿ ಒಂದು ಕಡೆ ಸೀದುಹೋಗಿತ್ತು. ಸಿಪ್ಪೆ ಸುಲಿದೆ, ಉಪ್ಪು ಖಾರ ಹಾಕಿ ಕಲಸಿದೆ, ರೊಟ್ಟಿ ಹಾಕಿಕೊಂಡು ಕೂತೆ. ಊಟಕ್ಕೆ ಜೋಡಿ ಯಾರೂ ಇರಲಿಲ್ಲ.